ನಾಲ್ಕು ಬೆರಳು ಪಡುವಣಕ್ಕೆ

ಚಂದ್ರನ ಮೇಲೆ ಹೋಗಿ ನೆಲೆಸಿದ ನಮ್ಮ ಜನಕ್ಕೆ ಎಲ್ಲ ಒಗ್ಗಿತು, ಕಾಫಿ ಒಂದು ಒಗ್ಗಲಿಲ್ಲ. ಅಳೆದು ಬಿಡುವ ಗಾಳಿಯನ್ನು ಉಸಿರಾಡಿದರು, ಬಂಡೆಯಂಥ ಹಿಮವನ್ನು ಕೊರೆದು ಕರಗಿಸಿ ಕುಡಿದರು, ಕಿಟಕಿಯಿಲ್ಲದ ಮನೆಗಳಲ್ಲಿ ಮಕ್ಕಳನ್ನು ಹೆತ್ತು ಸಾಕಿದರು. ಆದರೆ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದರೆ, ಆರರಲ್ಲೊಂದು ಪಾಲು ತೂಕದ ಆ ಊರಿನಲ್ಲಿ ಅದು ಬೇಕೋ ಬೇಡವೋ ಎಂದು ಇಳಿಯುತ್ತಿತ್ತು; ಇಳಿದದ್ದು ಪುಟಿದು ಮೂಗಿಗೆ ಬರುತ್ತಿತ್ತು. ಹಾಗಾಗಿ ಎಲ್ಲರೂ ಮುಚ್ಚಳದ ಲೋಟಕ್ಕೆ ಕೊಳವೆ ಹಾಕಿ ಹೀರುವುದನ್ನು ಕಲಿತರು. ಕೊಳವೆಯಲ್ಲಿ ಹೀರಿದ್ದನ್ನು ಕಾಫಿ ಅನ್ನಬಹುದೇ ಎಂದು ನನ್ನನ್ನು ಮಾತ್ರ ಕೇಳಬೇಡಿ.

ಊರಿನ ಹೆಸರು ತಿಂಗಳಕೊಪ್ಪ. ಚಂದ್ರನ ದಕ್ಷಿಣ ತುದಿಯ ಒಂದು ಕುಳಿಯ ಅಂಚಿನಲ್ಲಿ ಇನ್ನೂರ ನಲವತ್ತು ಜನರ ವಸತಿ. ಹಿಮ ಕೊರೆಯುವುದು ಅವರ ಕಸುಬು. ಆ ಊರಿನಲ್ಲಿ ಕಾಫಿಯನ್ನು ನೊರೆ ಬರುವ ಹಾಗೆ ಹೊಯ್ಯಬಹುದಾದ ಜಾಗ ಒಂದೇ ಒಂದು, ಭೂಮಿಮನೆ. ಇನ್ನೂರು ಅಡಿ ಅಗಲದ ಉಕ್ಕಿನ ಬಳೆ ಅದು, ಒಳಗೆ ಓಣಿಯಷ್ಟು ಜಾಗ. ಹನ್ನೊಂದು ಸೆಕೆಂಡಿಗೆ ಒಂದು ಸುತ್ತು ಸುತ್ತುತ್ತದೆ. ನೀರು ತುಂಬಿದ ಬಕೆಟ್ಟನ್ನು ಗಿರ್ರನೆ ತಿರುಗಿಸಿದರೆ ನೀರು ತಳಕ್ಕೆ ಒತ್ತಿಕೊಂಡು ನಿಲ್ಲುತ್ತದಲ್ಲ, ಹಾಗೆ ಒಳಗಿದ್ದವರನ್ನು ಬಳೆ ತನ್ನ ಹೊರಗೋಡೆಗೆ ಒತ್ತಿ ಹಿಡಿಯುತ್ತದೆ. ಆ ಹೊರಗೋಡೆಯೇ ಅವರಿಗೆ ನೆಲ. ಅಲ್ಲಿ ನಿಂತರೆ ಭೂಮಿಯಲ್ಲಿ ಎಷ್ಟು ಭಾರವೋ ಅಷ್ಟೇ ಭಾರ. ಗಂಟೆಗೊಮ್ಮೆ ಬಳೆಯನ್ನು ನಿಲ್ಲಿಸಿ ಜನರನ್ನು ಹತ್ತಿಸಿ ಇಳಿಸುತ್ತಾರೆ.

ಮೊದಲು ಅದು ಬರೀ ಔಷಧಿಯಾಗಿತ್ತು. ಚಂದ್ರನ ಮೇಲೆ ಹುಟ್ಟಿದ ಮಕ್ಕಳ ಮೂಳೆ ಗಟ್ಟಿಯಾಗಲಿ ಎಂದು ದಿನಕ್ಕೆರಡು ಗಂಟೆ ಅದರೊಳಗೆ ಓಡಿಸುತ್ತಿದ್ದರು. ಬಳೆಯ ಬೇರಿಂಗಿಗೆ ಗ್ರೀಸು ಹಚ್ಚುವ ಕೆಲಸ ಚೆಲುವಯ್ಯನದು. ಕೊರೆಯುವ ಯಂತ್ರಗಳ ಮೆಕ್ಯಾನಿಕ್ ಆಗಿ ಮದ್ದೂರಿನ ಕಡೆಯಿಂದ ಬಂದವನು, ಬಂದು ಮೂವತ್ತು ವರ್ಷ. ಒಂದು ದಿನ ಓಡಿ ಸುಸ್ತಾದ ಒಂದು ಮಗು ಅವನ ಪಕ್ಕ ಕೂತು, ಭೂಮಿ ಅಂದರೆ ಇಷ್ಟೇನಾ ತಾತ, ಕಾಲು ನೋಯುವುದು, ಎಂದು ಕೇಳಿತಂತೆ. ಚೆಲುವಯ್ಯ ಆ ಪ್ರಶ್ನೆಯನ್ನು ಮನೆಗೆ ಹೊತ್ತುಕೊಂಡು ಹೋದ. ಮಾರನೆಯ ದಿನದಿಂದಲೇ ಬಣ್ಣದ ಡಬ್ಬಿ ಹಿಡಿದ.

ಬಳೆ ಸುತ್ತುವ ದಿಕ್ಕಿಗೆ ಮೂಡಣ, ಹಿಂದಿನ ದಿಕ್ಕಿಗೆ ಪಡುವಣ ಎಂದು ನೆಲದುದ್ದಕ್ಕೂ ಬಾಣ ಬರೆದ. ಮೂಡಣಕ್ಕೆ ನಡೆಯುತ್ತ ಹೋದರೆ ತಿರುಗಿ ಹೊರಟಲ್ಲಿಗೇ ಬರುತ್ತೀರಿ, ಭೂಮಿಯಲ್ಲೂ ಹಾಗೇ ಎಂದು ಜಂಭದಿಂದ ಹೇಳುತ್ತಿದ್ದ. ಚಂದ್ರನ ಕಲ್ಲಿನಲ್ಲೇ ಒರಳು ಕಡೆದ, ಹತ್ತು ಮೆಟ್ಟಿಲು ಕಟ್ಟಿದ, ಉಯ್ಯಾಲೆ ತೂಗುಹಾಕಿದ, ಕುಂಟೆಬಿಲ್ಲೆಗೆ ಚೌಕ ಗೀಚಿದ. ಭಾನುವಾರ ಊರಿನವರೆಲ್ಲ ಒಂದೊಂದು ವಿದ್ಯೆ ಹೊತ್ತು ಬರತೊಡಗಿದರು. ಧಾರವಾಡದ ಹೆಂಗಸು ರೊಟ್ಟಿ ಬಡಿದು ತೋರಿಸಿದಳು, ಪುತ್ತೂರಿನವನು ಭಾರಕ್ಕೆ ಜಾರದ ಹಾಗೆ ಲುಂಗಿ ಕಟ್ಟುವುದನ್ನು ಕಲಿಸಿದ, ಇನ್ನೊಬ್ಬಳು ಸೊಂಟದ ಮೇಲೆ ಬಿಂದಿಗೆ ಕೂರಿಸುವುದನ್ನು. ಕಲಿಸಲು ಬಂದವರೇ ಹೆಚ್ಚು ನಗುತ್ತಿದ್ದರು. ಅದಕ್ಕೆ ಭೂಮಿಸಂತೆ ಎಂಬ ಹೆಸರೂ ಬಿತ್ತು.

ಚೆಲುವಯ್ಯ ಈಗ ಅರವತ್ತೊಂದರವನು. ಮೂವತ್ತು ವರ್ಷ ಹಗುರವಾಗಿ ಬಡಿದ ಎದೆ ಭೂಮಿಯ ಪ್ರಯಾಣ ತಡೆಯುವುದಿಲ್ಲ, ಆಗಾಗ ಒಂದೆರಡು ಗಂಟೆ ಬಳೆಯೊಳಗೆ ಕೂರುವುದಕ್ಕಷ್ಟೇ ಅದು ಸಾಕು ಎಂದು ಡಾಕ್ಟರು ಹೇಳಿ ಆಗಿತ್ತು. ಅದಕ್ಕೆ ಅವನು ಅತ್ತವನಲ್ಲ. ಆದರೆ ತಾನು ಇನ್ನು ಮೆಟ್ಟಲಾಗದ ನೆಲವನ್ನು ತಾನು ಕಲಿಸಿದ ಮಕ್ಕಳು ಮೆಟ್ಟಬೇಕು ಎಂಬ ಆಸೆಯೊಂದು ಅವನಿಗಿತ್ತು. ಈ ವರ್ಷ ಅದು ಕೈಗೆ ಬರುವಂತಿತ್ತು. ಶಾಲೆಯ ಏಳು ಮಕ್ಕಳನ್ನು ಮೂರು ತಿಂಗಳು ಭೂಮಿಗೆ ಕಳಿಸುವ ಏರ್ಪಾಡಾಗಿತ್ತು. ಊರಿನಲ್ಲಿ ಆ ವಯಸ್ಸಿನವರು ಇರುವುದೇ ಏಳು ಜನ. ಒಂದು ಮಗುವನ್ನು ಒಂಟಿಯಾಗಿ ಬಿಟ್ಟು ಹೋಗಬಾರದು ಎಂದು ಶಾಲೆಯವರು ಮೊದಲೇ ಗೆರೆ ಎಳೆದಿದ್ದರು: ಹೋದರೆ ಏಳೂ, ಇಲ್ಲವಾದರೆ ಯಾರೂ ಇಲ್ಲ.

ಆರು ಮನೆಯವರು ಸಹಿ ಹಾಕಿದ್ದರು. ಉಳಿದದ್ದು ವಾರಿಜ. ಕೊರೆತದ ಪಾಳಿಯ ಮುಖ್ಯಸ್ಥೆ, ಹದಿನಾಲ್ಕು ವರ್ಷದ ಹಿಂದೆ ಬಂದವಳು, ಅಳೆದು ತೂಗಿ ಮಾತಾಡುವ ಹೆಂಗಸು. ಅವಳ ಮಗಳು ಇಂಚರ ಹನ್ನೊಂದರ ಹುಡುಗಿ, ಭೂಮಿಮನೆಯಲ್ಲಿ ಎಲ್ಲರಿಗಿಂತ ಚುರುಕು. ಯಾಕಮ್ಮ ಬೇಡ ಅಂದರೆ ವಾರಿಜ ಒಂದು ದಿನ ಮೂಳೆ ಅನ್ನುವಳು, ಒಂದು ದಿನ ಸೋಂಕು ಅನ್ನುವಳು, ಕೊನೆಗೆ, ಅಲ್ಲಿ ನಮಗೆ ಯಾರಿದ್ದಾರೆ ಅಂತ ಹೋಗಬೇಕು, ಎಂದು ಎದ್ದುಬಿಡುವಳು. ಬುಧವಾರ ಕೊನೆಯ ಸಭೆ. ಭಾನುವಾರದ ಸಂತೆಗೆ ಅವಳನ್ನೂ ಕರೆಸಿ, ಮಗಳ ಜಾಣತನ ತೋರಿಸಿ ಮನಸ್ಸು ಕರಗಿಸಬೇಕೆಂದು ಚೆಲುವಯ್ಯ ಲೆಕ್ಕ ಹಾಕಿದ್ದ. ಪಾಳಿ ಇದೆ ಎಂದು ಅವಳು ಬರಲೇ ಇಲ್ಲ. ಬಾರದೆ ಇದ್ದದ್ದೇ ಒಳ್ಳೆಯದಾಯಿತು ಎಂದು ಅವನಿಗೆ ಅನಿಸಿದ್ದು ಆಮೇಲೆ.

ಆ ಭಾನುವಾರ ಸಂತೆಗೆ ಹೊಸ ಮುಖವೊಂದು ಬಂದಿತ್ತು. ಶಮೀಮಾ ಎಂದು ಹೆಸರು, ಅರಸೀಕೆರೆಯವಳು, ನೀರು ಶುದ್ಧ ಮಾಡುವ ಘಟಕಕ್ಕೆ ಇಂಜಿನಿಯರಾಗಿ ಎರಡು ದಿನದ ಹಿಂದೆ ಇಳಿದಿದ್ದಳು. ಹೊಸಬರ ಕೈಯಲ್ಲಿ ಕಾಫಿ ಹೊಯ್ಯಿಸಿ ಕುಡಿಯುವುದು ಅಲ್ಲಿನ ವಾಡಿಕೆ. ಅವಳು ನಗುತ್ತ ಲೋಟವನ್ನು ಎತ್ತಿ ಹಿಡಿದು ಕೆಳಗಿನ ಬಟ್ಟಲಿಗೆ ಹೊಯ್ದಳು. ಕಾಫಿ ಬಟ್ಟಲಿಗೆ ಬೀಳಲಿಲ್ಲ. ನಾಲ್ಕು ಬೆರಳು ಆಚೆ, ಅವಳ ಮುಂಗೈ ಮೇಲೆ ಬಿತ್ತು. ಇನ್ನೊಮ್ಮೆ ಹೊಯ್ದಳು, ಮತ್ತೆ ಹಾಗೇ. ಮಕ್ಕಳು ಬಿದ್ದು ಬಿದ್ದು ನಕ್ಕರು. ಇಲ್ಲಿ ನೆಲ ಓರೆಯಾಗಿದೆಯಾ ಎಂದು ಅವಳು ಕೇಳಿದ್ದೇ ತಡ, ಕೊರೆತದ ಗಂಗಣ್ಣ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ ಬಿಟ್ಟ. ಎಲ್ಲರ ಜೊತೆ ಚೆಲುವಯ್ಯನೂ ನಕ್ಕ.

ಇಂಚರ ಮುಂದೆ ಬಂದು ಲೋಟ ಇಸಿದುಕೊಂಡಳು. ಬಟ್ಟಲನ್ನು ನಾಲ್ಕು ಬೆರಳು ಪಡುವಣಕ್ಕೆ ಸರಿಸಿ, ಎತ್ತಿ ಹೊಯ್ದಳು. ಒಂದು ಹನಿ ಚೆಲ್ಲಲಿಲ್ಲ, ನೊರೆ ಬಟ್ಟಲ ಅಂಚಿನವರೆಗೂ ಬಂತು.

"ಹೀಗೆ ಹೊಯ್ಯಬೇಕು ಅಕ್ಕ. ಭೂಮೀಲಿ ಎಲ್ಲ ನಾಲ್ಕು ಬೆರಳು ಪಡುವಣಕ್ಕೇ ಬೀಳೋದು."

"ಮಗು, ನಾನು ಭೂಮಿಯಿಂದಲೇ ಬಂದಿದ್ದು," ಎಂದಳು ಶಮೀಮಾ. "ಮೊನ್ನೆ."

ಆಮೇಲೆ ನಡೆದದ್ದು ದೊಡ್ಡ ವಾದ. ಭೂಮಿಯಲ್ಲಿ ನೀರು ನೇರ ಕೆಳಕ್ಕೆ ಬೀಳುತ್ತದೆ ಎಂದು ಅವಳು. ಇಲ್ಲ, ನೇರ ಬೀಳುವುದು ಚಂದ್ರನ ಮೇಲೆ, ಭೂಮಿಯಲ್ಲಿ ಓರೆ, ತಾತ ಹೇಳಿಕೊಟ್ಟದ್ದು ನಮ್ಮ ನೋಟ್‌ಬುಕ್ಕಿನಲ್ಲಿದೆ ಎಂದು ಮಕ್ಕಳು. ಭೂಮಿಯ ವಿಡಿಯೋಗಳಲ್ಲಿ ಜಲಪಾತ ನೇರ ಬೀಳುವುದನ್ನು ನೀವು ನೋಡಿಲ್ಲವೇ ಎಂದು ಅವಳು ಕೇಳಿದರೆ ಇಂಚರ ಉತ್ತರ ಸಿದ್ಧ ಇಟ್ಟುಕೊಂಡಿದ್ದಳು: ಕ್ಯಾಮೆರಾ ಪಡುವಣಕ್ಕೆ ಮುಖ ಮಾಡಿರುತ್ತದೆ, ಅದಕ್ಕೇ ಓರೆ ಕಾಣುವುದಿಲ್ಲ. ಎಂಥ ಹುಡುಗಿ ನೋಡಿ. ತಪ್ಪೇ ಆದರೂ ತಲೆ ಓಡಿಸಿ ಮಾಡಿದ ತಪ್ಪು. ಶಮೀಮಾ ಸಾಕ್ಷಿಗೆಂದು ಚೆಲುವಯ್ಯನ ಕಡೆ ತಿರುಗಿದಳು, ನೀವಾದರೂ ಹೇಳಿ ಸಾರ್ ಎಂದಳು.

ಚೆಲುವಯ್ಯ ಬಾಯಿ ತೆರೆದ. ಮದ್ದೂರಿನ ಮನೆಯಲ್ಲಿ ಅವ್ವ ಹಾಲು ಆರಿಸುತ್ತಿದ್ದದ್ದನ್ನು ನೆನೆಸಿಕೊಂಡು ಹೇಳೋಣ ಎಂದುಕೊಂಡ. ಅವ್ವ ಕಣ್ಣ ಮುಂದೆ ಬಂದಳು, ಕಂಚಿನ ಲೋಟ ಬಂತು, ಕೈ ಎತ್ತಿದಳು, ಹಾಲು ಇಳಿಯಿತು. ಇಳಿದ ಹಾಲು ಓರೆಯಾಗಿ ಬಿತ್ತು. ಮತ್ತೊಮ್ಮೆ ನೆನೆಸಿಕೊಂಡ, ಮತ್ತೂ ಓರೆ. ಎಷ್ಟು ಸಲ ನೆನೆದರೂ ಅವ್ವನ ಹಾಲು ನೇರವಾಗಿ ಬೀಳಲೊಲ್ಲದು. ನೋಡೋಣ, ವಿಚಾರಿಸೋಣ ಎಂದು ಏನೋ ತೊದಲಿ ಸಂತೆಯನ್ನು ಆ ದಿನ ಬೇಗ ಮುಗಿಸಿದ.

ಮಾರನೆಯ ಬೆಳಿಗ್ಗೆ ನೇರ ಬಳೆಯ ನಿಯಂತ್ರಣ ಕೊಠಡಿಗೆ ಹೋದ. ಅಲ್ಲಿ ಪರದೆಗಳ ಮುಂದೆ ಕೂರುವವನು ಪ್ರಾಣೇಶ, ರಾಯಚೂರಿನವನು. ಬಳೆ ಅಲುಗದೆ ಸುತ್ತುವಂತೆ ನೋಡಿಕೊಳ್ಳುವುದು ಅವನ ಹೊಣೆ. ಪ್ರಶ್ನೆ ಕೇಳಿ ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಹೌದಲ್ಲ, ಓರೆಯಾಗಿಯೇ ಬೀಳುತ್ತದೆ, ಅದಕ್ಕೆ ಪುಸ್ತಕದಲ್ಲಿ ಒಬ್ಬ ಫ್ರೆಂಚ್ ಮಹಾಶಯನ ಹೆಸರೂ ಇದೆ, ನಿಮಗೆ ಗೊತ್ತಿರಲಿಲ್ಲವೇ ಎಂದ. ಗೊತ್ತಿದ್ದರೆ ಇಷ್ಟು ದಿನ ಯಾಕಪ್ಪ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲವಲ್ಲ ಎಂದ. ಇಂಥವರು ಎಲ್ಲ ಕಾಲದಲ್ಲೂ ಎಲ್ಲ ಗ್ರಹದಲ್ಲೂ ಇರುತ್ತಾರೆ.

ಕೇಳಿದ ಮೇಲೆ ಮಾತ್ರ ಪ್ರಾಣೇಶ ಚೆನ್ನಾಗಿ ಬಿಡಿಸಿ ಹೇಳಿದ. ಬಳೆ ಸುತ್ತುವಾಗ ನೆಲ ದೊಡ್ಡ ಸುತ್ತು ಹಾಕುತ್ತದೆ, ನೆಲದಿಂದ ಮೇಲಿರುವ ಕೈ ಸ್ವಲ್ಪ ಸಣ್ಣ ಸುತ್ತು ಹಾಕುತ್ತದೆ. ಹನ್ನೊಂದು ಸೆಕೆಂಡಿನಲ್ಲಿ ಎರಡೂ ಸುತ್ತು ಮುಗಿಸಬೇಕು, ಹಾಗಾಗಿ ನೆಲದ ಓಟ ಹೆಚ್ಚು, ಕೈಯ ಓಟ ಕಡಿಮೆ. ಕೈಬಿಟ್ಟ ಕಾಫಿಗೆ ಕೈಯ ಓಟವಷ್ಟೇ ಗೊತ್ತು. ಅದು ಕೆಳಗೆ ಬರುವಷ್ಟರಲ್ಲಿ ನೆಲ ಮುಂದೆ ಹೋಗಿರುತ್ತದೆ, ಕಾಫಿ ಹಿಂದೆ ಬೀಳುತ್ತದೆ. ಹಿಂದೆ ಅಂದರೆ ಚೆಲುವಯ್ಯ ಬರೆದ ಪಡುವಣ. ಇಬ್ಬರೂ ಬಳೆಯೊಳಗೆ ಇಳಿದು ಒಂದು ದಾರಕ್ಕೆ ನಟ್ಟು ಕಟ್ಟಿ ತೂಗುಬಿಟ್ಟರು. ಅದು ತೋರಿಸಿದ ಜಾಗಕ್ಕೆ ಗುರುತು ಹಾಕಿದರು. ಅದೇ ಕೈಯಿಂದ, ಎದೆಯ ಎತ್ತರದಿಂದ, ಬಿಡಿ ನಟ್ಟೊಂದನ್ನು ಬಿಟ್ಟರು. ಗುರುತಿನಿಂದ ಗೇಣಿನಷ್ಟು ಪಡುವಣಕ್ಕೆ ಬಿತ್ತು. ಹೊರಗೆ ಬಂದು ಚಂದ್ರನ ನೆಲದ ಮೇಲೆ ಹಾಗೇ ಮಾಡಿದರೆ ನಿಧಾನವಾಗಿ, ಆದರೆ ಗುರುತಿನ ಮೇಲೆಯೇ ಕೂತಿತು.

ಬಳೆಯನ್ನು ಮೆಲ್ಲಗೆ ಸುತ್ತಿಸಿದರೆ ಸರಿಹೋಗುತ್ತದೆಯೇ ಎಂದು ಚೆಲುವಯ್ಯ ಆಸೆಯಿಂದ ಕೇಳಿದ.

"ಇಲ್ರೀ. ವೇಗದ ತಪ್ಪಲ್ಲ ಅದು, ಮನಿ ಸಣ್ಣದು ಅದ, ಅದರ ತಪ್ಪು," ಎಂದ ಪ್ರಾಣೇಶ. "ಇದರ ನೂರರಷ್ಟು ದೊಡ್ಡದು ಕಟ್ಟಿದ್ರೂ ಹತ್ತರಾಗ ಒಂದು ಪಾಲು ಡೊಂಕು ಉಳೀತದ."

ಆಗ ಚೆಲುವಯ್ಯನಿಗೆ ಹಳೆಯದೊಂದು ನೆನಪಾಯಿತು. ಬಳೆ ಸುತ್ತಲು ಶುರುವಾದ ಮೊದಲ ವರ್ಷ ಇದು ಅವನಿಗೇ ಗೊತ್ತಿತ್ತು. ಹೋದಲ್ಲೆಲ್ಲ ತಲೆ ಸುತ್ತಿ, ಬಿಟ್ಟದ್ದೆಲ್ಲ ಪಕ್ಕಕ್ಕೆ ಬಿದ್ದು, ಇದು ಬಳೆಯ ಗುಣ, ಭೂಮಿಯದಲ್ಲ ಎಂದು ಒಂದು ಫಲಕ ಬರೆದು ತಾನೇ ತೂಗುಹಾಕಿದ್ದ. ಗೋಡೆಗೆ ಬಣ್ಣ ಬಳಿಯುವಾಗ ಫಲಕ ಇಳಿಸಿದ್ದ. ತಿರುಗಿ ಹಾಕಲಿಲ್ಲ. ಕೈ ಅಭ್ಯಾಸವಾದ ಹಾಗೆಲ್ಲ ತಲೆ ಮರೆಯಿತು, ಆಮೇಲೆ ಮರೆತದ್ದನ್ನೇ ಮಕ್ಕಳಿಗೆ ಪಾಠ ಮಾಡಿದ.

ಮಧ್ಯಾಹ್ನ ಊಟಕ್ಕೆ ಕೂತವನು ಮುದ್ದೆ ಮುರಿಯದೆ ತಟ್ಟೆಯಲ್ಲೇ ಬಿಟ್ಟ. ಹೆಂಡತಿ ಸಾಕಮ್ಮ ಎದುರಿಗೆ ಕೂತು ಸೊಪ್ಪಿನ ತಟ್ಟೆಗಳಿಂದ ಹಳದಿ ಎಲೆ ಆರಿಸುತ್ತಿದ್ದಳು. ಅವಳಿಗೆ ಎಲ್ಲ ಹೇಳಿದ. ಶಮೀಮಾ ಒಳ್ಳೆಯ ಹೆಣ್ಣುಮಗಳು; ಬೆಳಿಗ್ಗೆ ದಾರಿಯಲ್ಲಿ ಸಿಕ್ಕಿ, ಬುಧವಾರದ ಸಭೆ ಮುಗಿಯುವವರೆಗೆ ನಾನು ಬಾಯಿ ಬಿಡುವುದಿಲ್ಲ ಸಾರ್ ಎಂದಿದ್ದಳು. ನಾಲ್ಕು ಬೆರಳಿನ ವಿಷಯ, ಮಕ್ಕಳು ಹೊರಟ ಮೇಲೆ ದಾರಿಯಲ್ಲಿ ಮೆಲ್ಲಗೆ ತಿಳಿಸಿದರಾಯಿತು. ಈಗ ಸಭೆಯಲ್ಲಿ ಬಾಯಿಬಿಟ್ಟರೆ ವಾರಿಜಳ ಕೈಗೆ ತಾನೇ ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ. ನೀರು ಹೊಯ್ಯುವುದನ್ನೇ ತಪ್ಪು ಕಲಿಸಿದವನ ಮಾತು ನಂಬಿ ಮಗಳನ್ನು ಯಾವ ತಾಯಿ ಕಳಿಸುತ್ತಾಳೆ? ಅವಳು ಒಲ್ಲೆ ಎಂದರೆ ಏಳು ಮಕ್ಕಳೂ ಇಲ್ಲೇ.

ಸಾಕಮ್ಮ ಎಲೆ ಆರಿಸುವುದನ್ನು ನಿಲ್ಲಿಸಿದಳು.

"ಐದು ವರ್ಷದಿಂದ ನಾನು ಅಲ್ಲಿ ಕಾಫಿ ಹೊಯ್ಯೋದು ಬಿಟ್ಟೆನಲ್ಲ, ಯಾಕೆ ಅಂತ ಒಂದಿನ ಕೇಳಿದ್ರಾ? ಕೈ ಹೋಯ್ತು, ಮುದುಕಿಯಾದೆ ಅಂದ್ಕೊಂಡು ಬಿಟ್ಟೆ."

ಚೆಲುವಯ್ಯ ಅವಳ ಕೈಯನ್ನೇ ನೋಡಿದ. ಆಮೇಲೆ ಒಬ್ಬೊಬ್ಬರಾಗಿ ನೆನಪಾದರು. ಗಂಗಣ್ಣ ಸಂತೆಯಲ್ಲಿ ಸಾರು ಬಡಿಸಲು ಒಲ್ಲೆ ಅನ್ನುತ್ತಿದ್ದದ್ದು, ಧಾರವಾಡದ ಹೆಂಗಸು ಹಿಟ್ಟಿಗೆ ನೀರು ಹಾಕಲು ಮಗಳನ್ನು ಕರೆಯುತ್ತಿದ್ದದ್ದು. ಎಲ್ಲರೂ ತಮ್ಮ ತಮ್ಮ ಕೈಯನ್ನೇ ಬೈದುಕೊಂಡು ಸುಮ್ಮನಿದ್ದರು. ಅವನಿಗೆ ನಾಚಿಕೆಯೂ ಆಯಿತು, ಇವರ ಮೇಲೆಲ್ಲ ಅಕ್ಕರೆಯೂ ಉಕ್ಕಿತು.

ಸಾಕಮ್ಮ ಅಷ್ಟಕ್ಕೆ ಬಿಡುವವಳೇ? ನೀರಿನ ಕಥೆ ಹಾಗಿರಲಿ, ನೀವು ಆ ಮಕ್ಕಳಿಗೆ ಕಾಗೆ ಎರಡು ಕಾಲೂ ಜೋಡಿಸಿ ಕುಪ್ಪಳಿಸುತ್ತದೆ ಅಂತ ಬೇರೆ ಹೇಳಿದ್ದೀರಿ, ಕಾಗೆ ನಡೆಯುತ್ತದೆ, ಎಂದಳು. ಕುಪ್ಪಳಿಸುವುದು ಗುಬ್ಬಚ್ಚಿ ಎಂದಳು. ಇಲ್ಲ, ಗುಬ್ಬಚ್ಚಿ ನಡೆಯುತ್ತದೆ ಎಂದ ಚೆಲುವಯ್ಯ. ಅರ್ಧ ಗಂಟೆ ಇಬ್ಬರೂ ಕಾಗೆಯ ಹಿಂದೆ ಬಿದ್ದರು. ಮಲ್ಲಿಗೆ ಅರಳುವುದು ಬೆಳಿಗ್ಗೆಯೋ ಸಂಜೆಯೋ, ಗುಡುಗು ಮೊದಲೋ ಮಿಂಚು ಮೊದಲೋ, ಒಂದರಲ್ಲೂ ಗಂಡ ಹೆಂಡತಿ ಒಮ್ಮತಕ್ಕೆ ಬರಲಿಲ್ಲ. ಗೋಡೆಯ ಪರದೆಯಲ್ಲಿ ಹುಡುಕಿದರೆ ಸಿಗುತ್ತಿತ್ತು. ಆದರೆ ತಾನು ಕಂಡದ್ದು ಎಂದು ಎದೆ ತಟ್ಟಿ ಹೇಳಿದ್ದನ್ನು ಪರದೆಯಲ್ಲಿ ಹುಡುಕಲು ಚೆಲುವಯ್ಯನಿಗೆ ಮನಸ್ಸಾಗಲಿಲ್ಲ. ಮುದ್ದೆ ತಣ್ಣಗಾಗಿತ್ತು. ಅದನ್ನು ಹಾಗೇ ನುಂಗಿದ.

ಬುಧವಾರ ಸಭೆಯನ್ನು ಭೂಮಿಮನೆಯಲ್ಲೇ ಇಟ್ಟಿದ್ದರು. ಪಾಳಿಯಲ್ಲಿ ಇಲ್ಲದವರೆಲ್ಲ ಬಂದಿದ್ದರು. ಬಳೆಯ ಬಾಗಿದ ನೆಲದ ಮೇಲೆ ಚಾಪೆ ಹಾಸಿ ಕೂತಿದ್ದರು. ವಾರಿಜ ಕೆಲಸದ ಬೂಟಿನಲ್ಲೇ ಬಂದು ಬಾಗಿಲ ಹತ್ತಿರ ಕೂತಳು, ಅವಳ ಪಕ್ಕ ನೋಟ್‌ಬುಕ್ಕು ಎದೆಗವಚಿಕೊಂಡ ಇಂಚರ. ಶಾಲೆಯವರು ಪ್ರಯಾಣದ ವಿವರ ಓದಿದರು. ಡಾಕ್ಟರು ಮೂಳೆಯ ವಿಷಯ ಹೇಳಿದರು. ಇನ್ನು ಚೆಲುವಯ್ಯನವರು ಮಕ್ಕಳ ಸಿದ್ಧತೆಯ ಬಗ್ಗೆ ಎರಡು ಮಾತಾಡಲಿ ಎಂದರು.

ಅವನು ಎದ್ದು ನಿಂತ. ಒಂದು ಕೈಯಲ್ಲಿ ದಾರ, ಇನ್ನೊಂದರಲ್ಲಿ ನಟ್ಟು. ವಾರಿಜಳ ಮುಖ ನೋಡಿದ, ನೋಟ್‌ಬುಕ್ಕು ನೋಡಿದ. ಏನೂ ಹೇಳದೆ ಕೂತುಬಿಡಲೇ ಎಂದು ಆ ಕ್ಷಣದಲ್ಲೂ ಅನಿಸಿತು. ಆಮೇಲೆ ದಾರ ತೂಗುಬಿಟ್ಟು, ನಟ್ಟು ಬಿಟ್ಟು ತೋರಿಸಿ, ಎಲ್ಲವನ್ನೂ ಹೇಳಿದ. ಭೂಮಿಯಲ್ಲಿ ನಟ್ಟು ದಾರದ ಕೆಳಗೇ ಬೀಳುತ್ತದೆ, ಇಲ್ಲಿ ಆಚೆ ಬೀಳುತ್ತದೆ. ಭಾರ ಗೊತ್ತಾಗಬೇಕಾದರೆ ಈ ಮನೆಗೆ ಬರಬೇಕು, ನೇರ ಗೊತ್ತಾಗಬೇಕಾದರೆ ಹೊರಗೆ ಹೋಗಬೇಕು. ಎರಡೂ ಒಟ್ಟಿಗಿರುವ ಜಾಗ ಚಂದ್ರನ ಮೇಲೆ ಇಲ್ಲ. ಇದು ತನಗೆ ಒಂದು ಕಾಲದಲ್ಲಿ ಗೊತ್ತಿತ್ತು, ಮರೆತೆ, ಮರೆತದ್ದನ್ನು ಇಷ್ಟು ವರ್ಷ ಭೂಮಿ ಎಂದು ಕಲಿಸಿದೆ ಎಂದ.

ಹುಡುಗಿಯೊಬ್ಬಳು ನೋಟ್‌ಬುಕ್ಕು ತೆಗೆದು ಯಾವುದೋ ಪುಟದ ಮೇಲೆ ಗೆರೆ ಎಳೆಯುವ ಸದ್ದು ಕೇಳಿಸಿತು. ಕೊನೆಗೆ ಎದ್ದವಳು ವಾರಿಜ.

"ಸುಮ್ನೆ ಇದ್ದಿದ್ರೆ ನನ್ನ ಸಹಿ ಬಿದ್ರೂ ಬೀಳ್ತಿತ್ತು ಚೆಲುವಯ್ಯನೋರೆ. ಯಾಕೆ ಹೇಳಿದ್ರಿ?"

"ನಿನ್ನ ಮಗಳು ಅಲ್ಲಿ ಹೋಗಿ ನೀರು ಚೆಲ್ಲಿದ್ರೆ ಏನೂ ಆಗಲ್ಲ ಕಣವ್ವ," ಎಂದ ಚೆಲುವಯ್ಯ. "ಚೆಲ್ಲಿದ್ದು ತನ್ನ ಕೈ ತಪ್ಪು ಅಂದ್ಕೊಂಡ್ರೆ ನಾನು ತಡ್ಕೊಳ್ಳಲ್ಲ."

ವಾರಿಜ ಮತ್ತೆ ಮಗಳ ಪಕ್ಕ ಕೂತಳು. ಆಮೇಲೆ ಚೆಲುವಯ್ಯ ತಾನು ಮಕ್ಕಳಿಗೆ ಹೇಳಿ ಈಗ ಅನುಮಾನವಾಗಿರುವ ಇನ್ನೂ ಹನ್ನೆರಡು ಸಂಗತಿಗಳನ್ನು ಚೀಟಿ ನೋಡಿ ಓದಿದ. ಕಾಗೆಯದು ಮೊದಲನೆಯದು. ಅವನು ಓದಿ ಮುಗಿಸುವ ಮೊದಲೇ ಗಂಗಣ್ಣ ಎದ್ದು, ಹಾವು ಹಾಲು ಕುಡಿಯುತ್ತದೆ ಅಂತ ನಾನು ಹೇಳಿದ್ದೆ, ಅದನ್ನೂ ಬರೆದುಕೊಳ್ಳಿ, ನಾನು ಕಂಡಿಲ್ಲ ಎಂದ. ಧಾರವಾಡದ ಹೆಂಗಸು ಇನ್ನೂ ತಮಾಷೆಯದು ತಂದಳು: ಭೂಮಿಯಿಂದ ನೋಡಿದರೆ ನಾವಿರುವ ಈ ಚಂದ್ರ ರೊಟ್ಟಿಯಷ್ಟು ಕಾಣುತ್ತದೆ ಅಂತ ಹೇಳಿದ್ದೆ, ಈಗ ಯೋಚಿಸಿದರೆ ಅಂಗಿಯ ಗುಂಡಿಯಷ್ಟೇ ಇದ್ದ ಹಾಗೆ ನೆನಪು, ಯಾವುದು ಸರಿ? ಎಲ್ಲರೂ ಶಮೀಮಾಳ ಕಡೆ ತಿರುಗಿದರು, ಅವಳು ಮೊನ್ನೆ ತಾನೇ ಬಂದವಳಲ್ಲ. ರೊಟ್ಟಿಯೋ ಗುಂಡಿಯೋ ಅವಳಿಗೂ ಹೇಳಲಾಗಲಿಲ್ಲ. ದಿನಾ ಇದ್ದದ್ದನ್ನು ಯಾರು ನೋಡುತ್ತಾರೆ ಎಂದು ತಲೆ ಕೆರೆದುಕೊಂಡಳು.

ಸಭೆ ಸಂತೆಯಾಯಿತು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಅಡ್ಡ ಬರುತ್ತಿದ್ದರು, ಮತ್ತೊಬ್ಬರು ನಗುತ್ತಿದ್ದರು. ತಮಗೆ ಗೊತ್ತಿದೆ ಎಂದು ಇಷ್ಟು ವರ್ಷ ಸಂತೆಗೆ ಬರುತ್ತಿದ್ದವರು ಈಗ ಗೊತ್ತಿಲ್ಲದ್ದನ್ನು ಹಿಡಿದುಕೊಂಡು ಮುಂದೆ ನುಗ್ಗುತ್ತಿದ್ದರು. ಏಳು ಮಕ್ಕಳೂ ಹೊಟ್ಟೆಯ ಮೇಲೆ ಮಲಗಿ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದು ಬರೆಯುತ್ತಿದ್ದರು. ಒಂದೊಂದನ್ನೂ ಅಲ್ಲಿ ಹೋಗಿ ಹೇಗೆ ಪರೀಕ್ಷಿಸುವುದು ಎಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಕಾಗೆಗೆ ಅಕ್ಕಿ ಹಾಕುವುದು, ಚಂದ್ರನಿಗೆ ಕೈ ಚಾಚಿ ಗುಂಡಿ ಹಿಡಿದು ನೋಡುವುದು. ನೋಡುತ್ತ ನಿಂತ ಚೆಲುವಯ್ಯನಿಗೆ, ಹೋಗುತ್ತಾರೋ ಇಲ್ಲವೋ ಎಂಬುದನ್ನು ಮರೆತು ಇವರು ಪ್ರಶ್ನೆ ಬರೆದುಕೊಳ್ಳುತ್ತಿದ್ದಾರಲ್ಲ ಎಂದು ಸಂಕಟವಾಯಿತು.

ಬಳೆ ಇನ್ನೇನು ನಿಲ್ಲಲಿದೆ ಎಂಬ ಮುನ್ನೆಚ್ಚರಿಕೆಯ ಗಂಟೆ ಬಾರಿಸಿತು. ವಾರಿಜಳ ಪಾಳಿಗೆ ಹೊತ್ತಾಗಿತ್ತು. ಅವಳು ಎದ್ದು ಬಂದು ಮಗಳ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು. ನೋಟ್‌ಬುಕ್ಕು ಇಸಿದುಕೊಂಡು, ಎಲ್ಲರ ಪ್ರಶ್ನೆಗಳನ್ನೂ ಮೊದಲಿನಿಂದ ಓದಿದಳು. ಪೆನ್ನು ಕೇಳಿ ತೆಗೆದುಕೊಂಡಳು. ಕೊನೆಯಲ್ಲಿ ಏನೋ ಬರೆದು, ನೋಟ್‌ಬುಕ್ಕು ಮುಚ್ಚಿ ಮಗಳ ಮಡಿಲಲ್ಲಿಟ್ಟಳು. ಶಾಲೆಯವರ ಮೇಜಿನ ಹತ್ತಿರ ಹೋಗಿ ಒಪ್ಪಿಗೆಯ ಹಾಳೆಗೆ ಸಹಿ ಹಾಕಿದಳು. ಯಾರ ಮುಖವನ್ನೂ ನೋಡದೆ, ಬೂಟು ಸದ್ದು ಮಾಡುತ್ತ ಬಾಗಿಲ ಬಳಿ ಹೋಗಿ ಬಳೆ ನಿಲ್ಲುವುದನ್ನು ಕಾಯುತ್ತ ನಿಂತಳು.

ಜನ ಕೇಕೆ ಹಾಕಿದರು, ಗಂಗಣ್ಣ ಯಾರನ್ನೋ ಎತ್ತಿಕೊಂಡು ಕುಣಿಯಹೋಗಿ ಭಾರಕ್ಕೆ ಕುಸಿದು ಕೂತ. ಆ ಗದ್ದಲದಲ್ಲಿ ಇಂಚರ ಮೆಲ್ಲಗೆ ಚೆಲುವಯ್ಯನ ಹತ್ತಿರ ಬಂದು ಕೊನೆಯ ಪುಟ ತೋರಿಸಿದಳು. ವಾರಿಜಳ ಒತ್ತಿ ಬರೆದ ಅಕ್ಷರ:

"ಚನ್ನಪಟ್ಟಣದಲ್ಲಿ ನಮ್ಮಮ್ಮ ಇದ್ದಾಳೆ. ನಾನು ಹೇಳದೆ ಕೇಳದೆ ಬಂದದ್ದಕ್ಕೆ ಅವಳಿಗೆ ನನ್ನ ಮೇಲೆ ಇನ್ನೂ ಸಿಟ್ಟು, ನಮ್ಮ ಮುಖ ನೋಡುವುದಿಲ್ಲ ಎಂದು ಹದಿನಾಲ್ಕು ವರ್ಷದಿಂದ ನಂಬಿದ್ದೇನೆ. ಸರಿಯೋ ತಪ್ಪೋ ನೋಡಿಕೊಂಡು ಬಾ."

ಚೆಲುವಯ್ಯ ಎರಡು ಸಲ ಓದಿದ. ಕಣ್ಣು ಮಂಜಾಗಿ ಮೂರನೆಯ ಸಲ ಓದಲಾಗಲಿಲ್ಲ. ಹುಡುಗಿ ಪೆನ್ನಿನ ತುದಿ ಕಚ್ಚುತ್ತ, ಪಕ್ಕದಲ್ಲಿ ಗುರುತು ಹಾಕಲು ಬಿಟ್ಟ ಖಾಲಿ ಜಾಗವನ್ನು ತೋರಿಸಿದಳು.

"ತಾತ, ಇದನ್ನ ಹೇಗೆ ಪರೀಕ್ಷೆ ಮಾಡೋದು?"

"ಹೋಗಿ ನಿಮ್ಮಜ್ಜಿ ಮನೆ ಬಾಗಿಲಲ್ಲಿ ನಿಂತ್ಕೋ ಮಗ," ಎಂದ ಚೆಲುವಯ್ಯ. "ನೀನು ಯಾರು ಅಂತ ಅವರೇ ಹೇಳ್ತಾರೆ."